ಹೋಳು ಹಾಕಿದ ಕುಂಬಳಕಾಯಿ

“ಆ ಕುಂಬಳಕಾಯಿ ಕೆಳಗಿಡ್ರಿ ಜುಂಜೇಶ್!”

ಚಂದ್ರವಳ್ಳಿ ಕೆರೆ ದಂಡೆಯ ಮೇಲಿದ್ದವರೆಲ್ಲ ತಿರುಗಿ ನೋಡಿದರು. ಟಿವಿಯವರ ಕ್ಯಾಮೆರಾಗಳೂ ತಿರುಗಿದವು.

ರಂಜಿತಾಳ ಕೈಯಲ್ಲಿ ಮೈಕ್, ಕಣ್ಣಲ್ಲಿ ಕೆಂಡದಂಥ ಕೋಪ. ಎದುರಿಗೆ ದಪ್ಪನೆಯ ಬೂದುಗುಂಬಳಕಾಯಿ ಹಿಡಿದು ನಿಂತವನು ಅವಳ ಸಿನಿಮಾದ ಪ್ರೊಡಕ್ಷನ್ ಮ್ಯಾನೇಜರ್.

ಶೂಟಿಂಗ್ ಪೂರ್ತಿ ಮುಗಿದ ದಿನ ಸಿನಿಮಾದವರು ಕುಂಬಳಕಾಯಿ ಒಡೆಯುತ್ತಾರೆ. ಒಡೆದರೆ ಮುಗಿಯಿತು! ಆ ಸಿನಿಮಾಕ್ಕೆ ಮತ್ತೆ ಕ್ಯಾಮೆರಾ ಇಡುವ ಧೈರ್ಯ ಯಾರೂ ಮಾಡುವುದಿಲ್ಲ.

ಆದರೆ ಕ್ಲೈಮ್ಯಾಕ್ಸ್ ಇನ್ನೂ ಬಾಕಿ ಇದೆಯಲ್ಲ... ಎರಡು ದಿನದ ಕೆಲಸ!

ಎರಡು ದೊಡ್ಡ ಸ್ಟುಡಿಯೋಗಳು ಸೇರಿ ಒಂದಾಗುತ್ತವೆ ಎಂಬ ಸುದ್ದಿ ಬಂದು ವಾರವಾಗಿತ್ತು. ಒಬ್ಬರು ಬೇಡವೆಂದರೆ ಇನ್ನೊಬ್ಬರ ಬಾಗಿಲಿಗೆ ಹೋಗುತ್ತಿದ್ದ ಸಣ್ಣ ಸಿನಿಮಾದವರು ಇನ್ನು ಎಲ್ಲಿಗೆ ಹೋಗಬೇಕು? ಅದಕ್ಕೇ ಕಲಾವಿದರೆಲ್ಲ ಸೇರಿ ವಿರೋಧ ಹೇಳಲು ಟಿವಿಯವರನ್ನು ಸೆಟ್ಟಿಗೇ ಕರೆಸಿದ್ದರು. ಈ ಸಿನಿಮಾಕ್ಕೆ ದುಡ್ಡು ಹಾಕಿದ್ದ ಸ್ಟುಡಿಯೋವೂ ಆ ಎರಡರಲ್ಲಿ ಒಂದು; ವಿಷಯ ತಿಳಿದು ಅವರು ಕೆರಳಿದ್ದರು.

ಜವನಗೊಂಡನಹಳ್ಳಿ ಕಡೆಯ ಕುರಿಹಟ್ಟಿಯ ಹುಡುಗಿ ರಂಜಿತಾಳಿಗೆ ನಾಯಕಿಯಾಗಿ ಇದೇ ಮೊದಲ ಸಿನಿಮಾ. ಅವ್ವನ ಮಾತಿನಲ್ಲೇ ಸಂಭಾಷಣೆ ಹೇಳಿದ್ದಳು. ಇದು ನಿಂತುಹೋದರೆ ಅವಳನ್ನು ಮತ್ತೆ ಯಾರು ಕರೆಯುತ್ತಾರೆ?

“ಸ್ಟುಡಿಯೋದವ್ರು ಒಡೀರಿ ಅಂದ್ರಾ?”

“ಹೌದು ಮೇಡಂ. ಹನ್ನೆರಡು ಗಂಟೆ ಒಳಗೆ ಒಡೆದು ವಿಡಿಯೋ ಕಳಿಸ್ರಿ ಅಂದವ್ರೆ. ಆದ್ರೆ ನಾನು...”

“ಸಾಕು ಬಿಡ್ರಿ! ನಿಮ್ಮನ್ನ ನಮ್ಮೋರು ಅಂದ್ಕಂಡಿದ್ದೆ!”

ಜುಂಜೇಶನ ಮುಖ ಸಪ್ಪಗಾಯಿತು. ಕಾಯಿ ಹೊತ್ತುಕೊಂಡು ಅಡುಗೆ ಟೆಂಟಿನ ಕಡೆ ನಡೆದುಬಿಟ್ಟ.

ರಂಜಿತಾ ಬಂಡೆಯ ಮರೆಗೆ ಹೋಗಿ ಬಿಕ್ಕಿದಳು. ‘ಬೇರೆ ಯಾರು ಬೇಕಾದರೂ ಹೀಗೆ ಮಾಡಲಿ... ಇವರು ಯಾಕೆ ಮಾಡಬೇಕು?’

ಮೊದಲ ದಿನ ಮಾತು ಮರೆತು ಅಳು ಬಂದಾಗ, ಕ್ಯಾಮೆರಾ ಹಿಂದೆ ನಿಂತು ತುಟಿಯಾಡಿಸಿ ನೆನಪಿಸಿದವನು ಅವನೇ. ಅಂದಿನಿಂದ ಪ್ರತಿ ಶಾಟಿಗೂ ಮೊದಲು ಅವಳ ಕಣ್ಣು ಅವನನ್ನು ಹುಡುಕುತ್ತಿತ್ತು. ಅವನಿಗದು ಗೊತ್ತಿತ್ತೋ ಇಲ್ಲವೋ!

ಒಂದು ಗಂಟೆಗೆ ಓಬಮ್ಮ ಬಂದರು. ಸಿನಿಮಾದಲ್ಲಿ ಅವಳ ಅಜ್ಜಿಯ ಪಾತ್ರ ಮಾಡುವವರು.

“ಉಪವಾಸ ಇದ್ದು ಜಗಳ ಮಾಡಾಕಾಗಲ್ಲ, ಬಾರವ್ವ ಉಣ್ಣಾಣ.”

ತಟ್ಟೆಯಲ್ಲಿ ಬಿಸಿ ಅನ್ನ, ಮೇಲೆ ಮಜ್ಜಿಗೆಹುಳಿ. ಒಂದು ತುತ್ತು ಬಾಯಿಗಿಟ್ಟ ರಂಜಿತಾ ಬೆಚ್ಚಿದಳು. ಹುಳಿಯ ತುಂಬ ಬೆಳ್ಳಗಿನ ಮೆತ್ತನೆಯ ಹೋಳುಗಳು...

“ಅಜ್ಜಿ, ಇದು... ಆ ಕುಂಬಳಕಾಯಿನಾ?”

“ಅದೇ ಕಣವ್ವ! ಒಡಿಯಾಕೆ ಕಾಯೇ ಇರಬಾರದು ಅಂತ ಆ ಮಹಾರಾಯ ತಾನೇ ಕುಂತು ಹೆಚ್ಚಿದ. ಬೆರಳು ಬ್ಯಾರೆ ಕುಯ್ಕಂಡವ್ನೆ!”

ರಂಜಿತಾ ಎಂಜಲು ಕೈಯಲ್ಲೇ ಎದ್ದು ಓಡಿದಳು.

ವಿರೋಧದ ಬ್ಯಾನರ್ ಕೆಳಗೆ ಕಲಾವಿದರ ಸಾಲಿನಲ್ಲಿ ಜುಂಜೇಶನೂ ನಿಂತಿದ್ದ! ಟಿವಿಯವರ ಮೈಕಿನ ಮುಂದೆ ಅವನ ದನಿ ಗಟ್ಟಿಯಾಗಿತ್ತು.

“ಆ ಎರಡು ಸ್ಟುಡಿಯೋ ಒಂದಾಗಾದು ಬ್ಯಾಡ ಅಂತ ನಾನೂ ಹೇಳ್ತೀನಿ. ಈಗ ತಾನೆ ಕೆಲಸ ಬಿಟ್ಟೆ. ಒಡೀರಿ ಅಂದ ಕುಂಬಳಕಾಯಿನ ಎಲ್ರೂ ಉಂಡಾಯ್ತು. ಇನ್ನೊಂದು ತರಾಕೆ ಮ್ಯಾನೇಜರ್ ಬೇಕು. ಹೊಸಬನ್ನ ಹುಡುಕಿ ಕಳಿಸಾಕೆ ಅವರಿಗೆ ಎರಡು ದಿನ ಆಯ್ತದೆ. ನಮಗೆ ಬೇಕಾಗಿರಾದೂ ಎರಡೇ ದಿನ!”

ಶಿಳ್ಳೆಯೋ ಶಿಳ್ಳೆ! ಚಪ್ಪಾಳೆ!

ಗದ್ದಲ ಕರಗಿದ ಮೇಲೆ ರಂಜಿತಾ ಅವನ ಮುಂದೆ ತಲೆ ತಗ್ಗಿಸಿ ನಿಂತಳು.

“ಎಲ್ಲರ ಮುಂದೆ ಬೈದ್ಬಿಟ್ಟೆ... ಹೇಳಬಾರದಾಗಿತ್ತಾ?”

“ಹೇಳಾಕೆ ಎಲ್ಲಿ ಬಿಟ್ರಿ?” ಅವನು ನಕ್ಕ. “ಮೊದಲು ಕೈ ತೊಳ್ಕಳ್ರಿ ಮೇಡಂ. ಕ್ಲೈಮ್ಯಾಕ್ಸ್ ಐತೆ.”

ಆ ಎರಡು ದಿನ ಯಾರೂ ಸರಿಯಾಗಿ ಕೂರಲೂ ಇಲ್ಲ. ಎರಡನೆಯ ದಿನದ ಸಂಜೆ ಕೊನೆಯ ಶಾಟ್ ಓಕೆಯಾಯಿತು! ಸ್ಟುಡಿಯೋಗಳ ಮಾತುಕತೆ ಇನ್ನೂ ನಡೆದೇ ಇತ್ತು. ಕಲಾವಿದರ ವಿರೋಧವೂ ನಿಂತಿರಲಿಲ್ಲ. ಆದರೆ ಸಿನಿಮಾ ಮುಗಿದಿತ್ತು.

ಓಬಮ್ಮ ತುರುವನೂರಿನಿಂದ ತರಿಸಿದ ಕುಂಬಳಕಾಯಿಯನ್ನು ಎಲ್ಲರೂ ಸೇರಿ ಜುಂಜೇಶನ ಕೈಗೇ ಕೊಟ್ಟರು. ಅವನು ಅದನ್ನು ಒಡೆಯದೆ ಹಿಡಿದುಕೊಂಡೇ ನಿಂತ.

“ಯಾಕ್ರಿ, ಕೈ ಏಳ್ತಿಲ್ಲ?” ರಂಜಿತಾ ಹತ್ತಿರ ಬಂದು ಮೆಲ್ಲಗೆ ಕೇಳಿದಳು.

“ಒಡೆದ್ರೆ ಎಲ್ಲಾ ಮುಗೀತಲ್ಲ ಮೇಡಂ... ನಾಳೆಯಿಂದ ನಿಮ್ಮನ್ನ ನೋಡಾಕೆ ನನಗೆ ಏನು ನೆಪ ಐತೆ?”

ಅವಳು ಇನ್ನೂ ಹತ್ತಿರ ಸರಿದಳು. ಬಟ್ಟೆ ಸುತ್ತಿದ ಅವನ ಬೆರಳನ್ನು ಮೆತ್ತಗೆ ಮುಟ್ಟಿದಳು.

“ಮೇಡಂ ಅನ್ನಾದು ಬಿಡ್ರಿ. ನೀವಂದ್ರೆ ನನಗೆ ಪ್ರಾಣ. ಇವತ್ತಿಂದಲ್ಲ... ಮೊದಲನೇ ದಿನದಿಂದ.”

“ರಂಜಿತಾ...” ಮೊದಲ ಸಲ ಹೆಸರು ಹಿಡಿದು ಕರೆದ.

“ಹೂಂ. ಇದನ್ನ ಸಿನಿಮಾಕ್ಕೆ ಒಡೀರಿ.”

“ನಮ್ಮಿಬ್ಬರದಕ್ಕೆ?”

ರಂಜಿತಾಳ ಕಣ್ಣು ತುಂಬಿತ್ತು, ತುಟಿಯಲ್ಲಿ ನಗು.

“ಅದಕ್ಕೆ ಕುಂಬಳಕಾಯಿ ತರಾಕೆ ಮ್ಯಾನೇಜರೇ ಇಲ್ವಲ್ರೀ!”