ಸಾಯಬೇಕಾಗಿದ್ದ ಕೋಶಗಳು

ಯಾರೂ ಸತ್ತಿರಲಿಲ್ಲ. ಅದೇ ಅಪರಾಧ!

೧೯೮೬ರ ಒಂದು ಬೆಳಿಗ್ಗೆ, ಹೆಬ್ಬಾಳದ ಸಂಶೋಧನಾಲಯದಲ್ಲಿ ಮಲ್ಕಾ ಸೂಕ್ಷ್ಮದರ್ಶಕದಿಂದ ಕಣ್ಣು ತೆಗೆದಳು. ಬಿಳಿ ಇಲಿಗಳ ರೋಗನಿರೋಧಕ ಕೋಶಗಳು ಅವು. ಸ್ಟೆರಾಯ್ಡ್ ಹಾಕಿದರೆ, ತಮ್ಮೊಳಗೇ ಬರೆದಿಟ್ಟುಕೊಂಡ ಸಾವನ್ನು ತಾವೇ ತಂದುಕೊಳ್ಳುತ್ತವೆ. ಅರ್ಧ ತಟ್ಟೆಗಳಿಗೆ ಕೋಶಗಳನ್ನು ಕಾಯುವ ಉತ್ಕರ್ಷಣ ನಿರೋಧಕವೆಂದು ವಿಟಮಿನ್ ಸಿ ಬೆರೆಸಿದ್ದಳು, ಅವು ಬದುಕಬೇಕು. ಉಳಿದವು ಸಾಯಬೇಕು. ಆದರೆ ಎಲ್ಲವೂ ಬದುಕಿದ್ದವು! ಹೋಲಿಸಲು ಸಾವೇ ಇಲ್ಲದಿದ್ದರೆ ನಾಲ್ಕು ವರ್ಷದ ಪ್ರಬಂಧ ನೀರುಪಾಲು.

ಪ್ರಾಣಿಗಳನ್ನು ನೋಡಿಕೊಳ್ಳುವ ಆವಲಪ್ಪನೇ ಏನೋ ಮಾಡಿದ್ದಾನೆಂದು ದೂರು ಬರೆದಳು. ಅವನ ಕೆಲಸ ಹೋಗುತ್ತದೆ. ಹೋಗಲಿ. ಅಪ್ಪ, ಅವಳ ಅಬ್ಬಾ, ತೀರಿಕೊಂಡ ಮೇಲೆ ಅವಳಿಗೆ ಯಾವುದೂ ತಟ್ಟುತ್ತಿರಲಿಲ್ಲ. ಒಂದು ಹನಿ ಕಣ್ಣೀರೂ ಬಂದಿರಲಿಲ್ಲ.

"ಒಂದ್ ನಿಮಿಷ ಕಣಮ್ಮ" ಎಂದರು ದೂರಿನ ಕಾಗದ ನೋಡಿದ ಸ್ಟೋರ್‌ಕೀಪರ್ ವೆಂಕಟರಾಮಯ್ಯ. ಕಳೆದುಹೋದ ಪಿಪೆಟ್ಟನ್ನೂ ಪತ್ತೆಹಚ್ಚದೆ ಬಿಡದ ಆಸಾಮಿ! "ಸ್ಟೆರಾಯ್ಡ್ ಕೆಟ್ಟಿತ್ತಾ?"

"ಹೊಸದು ಸರ್. ಸೀಲ್ ನಾನೇ ಒಡೆದೆ."

"ಏನೂ ಹಾಕದೆ ಬಿಟ್ಟ ತಟ್ಟೆ?"

"ಅದ್ರಲ್ಲಿ ಯಾವಾಗ್ಲೂ ಒಂದಷ್ಟು ತಾವಾಗೇ ಸಾಯ್ತವೆ. ಇವತ್ತು… ಅವೂ ಸತ್ತಿಲ್ಲ."

"ಹಾಗಾದ್ರೆ ಕೈವಾಡ ತಟ್ಟೇಲಿ ನಡೆದಿಲ್ಲ — ಇಲಿಯೊಳಗೇ ನಡೆದಿದೆ. ನಡಿ!"

ಪ್ರಾಣಿಗಳ ಕೋಣೆಯಲ್ಲಿ ಆವಲಪ್ಪ ತಲೆ ತಗ್ಗಿಸಿ ನಿಂತಿದ್ದ. ಇಲಿಗಳ ಗೂಡಿಗೆ ಕಟ್ಟಿದ್ದ ಕಂದು ನೀರಿನ ಬಾಟಲಿಯನ್ನು ವೆಂಕಟರಾಮಯ್ಯ ತೋರಿಸಿದರು.

"ಕಂದು ಬಾಟಲಿ ಯಾವುದಕ್ಕಪ್ಪ?"

"ಗಿನಿಪಿಗ್ಗಿಗೆ ಸೋಮಿ. ಇಟಮಿನ್ ಸಿ ನೀರು ಬೆಳಕಿಗೆ ಕೆಡ್ತದಲ್ಲ."

"ಇಲಿಗಳು ಅದನ್ನೇ ಕುಡಿದಿವೆ, ಅದಕ್ಕೇ ಕೋಶ ಸತ್ತಿಲ್ಲ. ಇಲಿ ಗೂಡಿಗೆ ಯಾಕೆ ಬಂತು?"

ಆವಲಪ್ಪ ಮಲ್ಕಾಳತ್ತ ಒಮ್ಮೆ ನೋಡಿ, ಗೂಡಿನ ಬಾಗಿಲು ಸರಿಮಾಡತೊಡಗಿದ.

"ನೀರು ತುಂಬಿಸೋನು?"

"ನಾನೇ. ಕಂದು ಬಾಟ್ಲಿ ಕಂಡ್ರೆ ಇಟಮಿನ್ ನೀರು, ಅಂಗೇ ಅಭ್ಯಾಸ."

"ಒಪ್ಪಿಕೊಂಡ್ನಲ್ಲ ಸರ್!" ಎಂದಳು ಮಲ್ಕಾ. ದನಿಯಲ್ಲಿ ಕೋಪವೂ ಇರಲಿಲ್ಲ.

"ತುಂಬಿಸಿದ್ದು ಅವನು. ಕಟ್ಟಿದ್ದು? ಗಿನಿಪಿಗ್ ಗೂಡಲ್ಲಿ ನೋಡು, ಸೆಣಬಿನ ದಾರ. ಇಲ್ಲಿ ಬ್ಯಾಂಡೇಜ್ ಬಟ್ಟೆ ಚೂರು — ಎರಡು ಸುತ್ತಿನ ಗಂಟು. ಕೊಯ್ದು ಹೊಲಿಯೋರು ಹಾಕೋ ಗಂಟು. ಇಲ್ಲಿ ಅದು ಬರೋದು ಇಬ್ರಿಗೇ. ನಿನ್ನ ಜೊತೆ ಇಲಿ ಕೊಯ್ಯೋ ಚನ್ನಕೇಶವ ಒಂದು ತಿಂಗಳಿಂದ ಧಾರವಾಡದಲ್ಲಿದ್ದಾನೆ."

ಮಲ್ಕಾ ಗಂಟನ್ನೇ ನೋಡಿದಳು. ಎರಡು ವಾರದ ಹಿಂದಿನ ಭಾನುವಾರ. ಆರ್.ಟಿ. ನಗರದ ಅವಳ ಮನೆ ತುಂಬ ಸಾವಿಗೆ ಬಂದ ಜನ. ಕೂರಲಾಗದೆ ಇಲ್ಲಿಗೆ ಬಂದಿದ್ದಳು. ಆವಲಪ್ಪನಿಗೆ ರಜೆ, ಇಲಿಗಳಿಗೆ ನೀರು ತಾನೇ ಕಟ್ಟಿದ್ದಳು. ಯಾವ ಬಾಟಲಿ ಎತ್ತಿಕೊಂಡೆನೆಂಬುದೂ ನೆನಪಿರಲಿಲ್ಲ.

"ನಾನಾ?"

"ನೀನೇ ಕಣಮ್ಮ."

"ಆವಲಪ್ಪ… ನಿಮಗೆ ಗೊತ್ತಿತ್ತಾ? ಯಾಕ್ ಸುಮ್ನಿದ್ರಿ?"

"ಬೇಕಂತ್ಲೇ ಕಟ್ಟಿದೀರ ಅಂದ್ಕಂಡಿದ್ದೆ. ಇವತ್ತು ತಿಳೀತು. ಅಪ್ಪನ್ನ ಮಣ್ಣು ಮಾಡಿ ಮೂರ್ ದಿನಕ್ಕೇ ಬಂದಿದ್ದೋರು ನೀವು. ತಪ್ಪು ನಿಮ್ದೇ ಅಂತ ಎಂಗಮ್ಮ ಏಳ್ಲಿ?"

ಮಲ್ಕಾ ದೂರಿನ ಕಾಗದವನ್ನು ಹರಿದಳು.

"ಹೊಸ ಇಲಿ ತರಿಸ್ತೀನಿ, ಮತ್ತೆ ಮಾಡು" ಎಂದರು ವೆಂಕಟರಾಮಯ್ಯ.

ಅವಳಿಗೆ ಕೇಳಿಸಲಿಲ್ಲ. ಗೂಡುಗಳ ನಡುವೆ ನೆಲದ ಮೇಲೆ ಕುಸಿದು ಕೂತು "ಅಬ್ಬಾ" ಎಂದಳು. ಹದಿನೇಳು ದಿನದ ಮೇಲೆ, ಬಿಕ್ಕಿ ಬಿಕ್ಕಿ ಅತ್ತಳು. ಆವಲಪ್ಪ ಬಾಗಿಲು ಮುಂದೆ ಮಾಡಿ ಹೊರಗೆ ನಿಂತ, ಯಾರೂ ಒಳಗೆ ಬಾರದ ಹಾಗೆ.