ಅವ್ವನ ಕ್ಯಾಮರಾ ಮಾರಿ ಹೋಗೈತಿ

ಅಡುಗೆಮನೆಯ ಕಟ್ಟೆಯ ಮೇಲೆ ಅವ್ವನ ಫೋನು ಗುರ್ ಎಂದು ನಡುಗಿತು. ಉಮಾಶ್ರೀ ಓಡಿಹೋಗಿ ಅದನ್ನು ಎತ್ತಿಕೊಂಡಳು.

ಮೊದಲು ಒಳಕೋಣೆಯ ಕಡೆ ನೋಡಿದಳು. ಅವ್ವ ಮಲಗಿದ್ದಳು. ರಾಮದುರ್ಗದ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ಅವ್ವನಿಗೆ ಈ ತಿಂಗಳು ರಾತ್ರಿಪಾಳಿ. ಬೆಳಿಗ್ಗೆ ಬಸ್ಸಿಳಿದು ಸುರೇಬಾನದ ಮನೆಗೆ ಬಂದವಳು, ಅರ್ಧ ರೊಟ್ಟಿ ತಿಂದು ಹಾಗೇ ಒರಗಿದ್ದಳು. ತಾಟನ್ನೂ ಎತ್ತಿಟ್ಟಿರಲಿಲ್ಲ.

ಫೋನಿನಲ್ಲಿ ಮೆಸೇಜು ಬಂದಿತ್ತು.

"ನಮಸ್ಕಾರ್ರಿ. ಗ್ರೂಪಿನ್ಯಾಗ ಹಾಕಿದ ಕ್ಯಾಮರಾ, ಉದ್ದ ಲೆನ್ಸು ಇನ್ನೂ ಐತೇನ್ರಿ?"

ಉಮಾಶ್ರೀ ಬೇಗಬೇಗ ಟೈಪ್ ಮಾಡಿದಳು. "ಇಲ್ರಿ. ಮಾರಿ ಹೋಗೈತಿ." ಬರೀ ಅಷ್ಟೇ ಬರೆದರೆ ಸೊಕ್ಕು ಅನ್ನಿಸಬಹುದೆಂದು ಪಕ್ಕದಲ್ಲಿ ಕೈಮುಗಿಯುವ ಚಿತ್ರಗಳನ್ನೂ ಹಾಕಿದಳು. ಕಳಿಸಿದ ಮೇಲೆ ಆ ಮಾತುಕತೆಯನ್ನೆಲ್ಲ ಅಳಿಸಿಬಿಟ್ಟಳು.

"ಯಾರದವಾ ಫೋನು?" ಪಡಸಾಲೆಯಲ್ಲಿ ಕಡಲೆ ಸುಲಿಯುತ್ತಿದ್ದ ಅಜ್ಜಿ ಕೇಳಿದಳು.

"ಕಂಪನೀದು ಆಯಿ. ರಿಚಾರ್ಜ್ ಮಾಡಸ್ರಿ ಅಂತಾರ."

"ಹೂಂ. ಅವರಿಗೇನು ಬ್ಯಾರೆ ಕೆಲಸಿಲ್ಲ," ಎಂದಳು ಆಯಿ.

ಉಮಾಶ್ರೀ ಹೀಗೆ ಬರೆದದ್ದು ಇದೇ ಮೊದಲಲ್ಲ. ಕ್ಯಾಮರಾ ಕೊಳ್ಳುವವರು, ಮಾರುವವರು ಸೇರಿ ಮಾಡಿಕೊಂಡ ಆ ಗ್ರೂಪಿನಲ್ಲಿ ಅವ್ವ ತನ್ನ ಕ್ಯಾಮರಾದ ಫೋಟೋ ಹಾಕಿದ್ದನ್ನು ಅವಳು ಆಕಸ್ಮಿಕವಾಗಿ ನೋಡಿದ್ದಳು. ಅಂದಿನಿಂದ ಯಾರು ಕೇಳಿದರೂ ಅವಳದು ಒಂದೇ ಉತ್ತರ.

ಅವ್ವನ ಕ್ಯಾಮರಾ ಎಂದರೆ ಉಮಾಶ್ರೀಗೆ ಹೂಲಿ. ರಜೆ ಸಿಕ್ಕಾಗಲೆಲ್ಲ ಇಬ್ಬರೂ ಹೂಲಿಗೆ ಹೋಗುತ್ತಿದ್ದರು. ಅಲ್ಲಿಯ ಹಳೆಯ ಗುಡಿಗಳ ಕಲ್ಲುಸಂದಿಗಳಲ್ಲಿ ಗಿಳಿಗಳಿದ್ದವು. ಅವ್ವ ನೆಲದ ಮೇಲೆ ಕುಳಿತು, ಉದ್ದ ಲೆನ್ಸನ್ನು ಕಣ್ಣಿಗೆ ಹಚ್ಚಿ, ಎಷ್ಟೋ ಹೊತ್ತು ಅಲುಗಾಡದೆ ಇರುತ್ತಿದ್ದಳು. ಆಮೇಲೆ "ಬಾ, ನೋಡು" ಎಂದು ಪಿಸುಗುಡುತ್ತಿದ್ದಳು. ಆ ಲೆನ್ಸಿನಲ್ಲಿ ನೋಡಿದರೆ ಗಿಳಿಯ ಕಣ್ಣಿನ ಸುತ್ತಲಿನ ಉಂಗುರವೂ ಕಾಣುತ್ತಿತ್ತು.

ದೀಪಾವಳಿಯಿಂದ ಈಚೆಗೆ ಕ್ಯಾಮರಾ ಬೀರು ಬಿಟ್ಟು ಹೊರಗೆ ಬಂದಿರಲಿಲ್ಲ. ಯಾಕೆ ಎಂದು ಉಮಾಶ್ರೀ ಕೇಳಲಿಲ್ಲ. ಯಾವಾಗ ನೋಡಿದರೂ ಅವ್ವ ಮಲಗಿರುತ್ತಿದ್ದಳು, ಇಲ್ಲವೇ ಡ್ಯೂಟಿಗೆ ಹೊರಟಿರುತ್ತಿದ್ದಳು. ಅಪ್ಪ ಲಾರಿ ತೆಗೆದುಕೊಂಡು ಪುಣೆಯ ಕಡೆ ಹೋದರೆ ವಾರಗಟ್ಟಲೆ ಬರುತ್ತಿರಲಿಲ್ಲ.

ಯಾರೂ ಕೊಳ್ಳದಿದ್ದರೆ ಕ್ಯಾಮರಾ ಮನೆಯಲ್ಲೇ ಉಳಿಯುತ್ತದೆ. ಉಳಿದರೆ ಎಂದಾದರೂ ಒಂದು ದಿನ ಅವ್ವ ಅದನ್ನು ಹೊರತೆಗೆದು, "ನಡಿ, ಹೂಲಿಗಿ ಹೋಗೂಣು" ಅನ್ನುತ್ತಾಳೆ. ಉಮಾಶ್ರೀಯ ಲೆಕ್ಕ ಇಷ್ಟೇ ಇತ್ತು.

ಮಧ್ಯಾಹ್ನ ಅವ್ವ ಎದ್ದಳು. ಕಣ್ಣು ಕೆಂಪಗಿದ್ದವು.

"ಯಾರರ ಕ್ಯಾಮರಾ ಕೇಳಿದ್ರೇನ?"

"ಇಲ್ಲವ್ವಾ."

ಅವ್ವ ಫೋನು ತೆಗೆದುಕೊಂಡು ಬಾಗಿಲ ಬಳಿ ಕುಳಿತಳು. "ಯಾರಿಗೂ ಬ್ಯಾಡಾಗೈತಿ ಕಾಣತೈತಿ. ಇನ್ನಷ್ಟು ರೇಟ್ ಇಳಸ್ತೇನಿ," ಎಂದು ತನಗೇ ಹೇಳಿಕೊಂಡಳು.

ಅವ್ವ ಬೆಲೆ ಇಳಿಸಿದ್ದು ಇದು ಎರಡನೆಯ ಸಲ. ಉಮಾಶ್ರೀ ಅವ್ವನ ಬೆಳಗಿನ ತಾಟು ಎತ್ತಿಕೊಂಡು ತೊಳೆಯಲು ಹೋದಳು.

ಮರುದಿನ ಫೋನು ಅವ್ವನ ಕೈಯಲ್ಲೇ ಇದ್ದಾಗ ರಿಂಗಾಯಿತು. ಮಾತಾಡಿದವನು ಬೈಲಹೊಂಗಲದ ಕಾಂತೇಶ. ಕ್ಯಾಮರಾ ನೋಡಬೇಕು, ರವಿವಾರ ಸವದತ್ತಿ ಬಸ್‌ಸ್ಟ್ಯಾಂಡಿಗೆ ಬಂದರೆ ಇಬ್ಬರಿಗೂ ಅನುಕೂಲ ಎಂದ. ಅವ್ವ ಆಗಲಿ ಎಂದಳು.

ರವಿವಾರ ಬೆಳಿಗ್ಗೆ ಡ್ಯೂಟಿ ಮುಗಿಸಿ ಬಂದ ಅವ್ವ ಮಲಗಲಿಲ್ಲ. ಮುಖ ತೊಳೆದುಕೊಂಡು, ಬೀರುವಿನಿಂದ ಬ್ಯಾಗು ತೆಗೆದಳು.

"ನಾನೂ ಬರತೇನಿ," ಎಂದಳು ಉಮಾಶ್ರೀ.

"ಬಾ. ಬ್ಯಾಗ್ ನೀನ ಹಿಡಕೋ."

ಸವದತ್ತಿ ಬಸ್‌ಸ್ಟ್ಯಾಂಡಿನಲ್ಲಿ ದೇವಿಯ ಗುಡ್ಡಕ್ಕೆ ಹೋಗುವವರ ಗದ್ದಲ. ಹಣೆಗೆಲ್ಲ ಭಂಡಾರ ಬಳಿದುಕೊಂಡವರು, ಗಂಟು ಹೊತ್ತವರು, ಅಳುವ ಕೂಸುಗಳು. ಕಾಂತೇಶ ಹೇಳಿದ ಹೊತ್ತು ಮೀರಿ ಎಷ್ಟೋ ಆಗಿತ್ತು. ಅವ್ವ ಕಲ್ಲುಬೆಂಚಿನ ಮೇಲೆ ಕುಳಿತಲ್ಲೇ ತೂಕಡಿಸುತ್ತಿದ್ದಳು. ಬಸ್ಸು ಹಾರ್ನ್ ಹೊಡೆದಾಗಲೆಲ್ಲ ಬೆಚ್ಚಿ ಕಣ್ಣು ತೆರೆದು, ಮತ್ತೆ ಮುಚ್ಚುತ್ತಿದ್ದಳು.

ಅವನು ಬರದೇ ಇರಲಿ, ಎಂದು ಉಮಾಶ್ರೀ ಮನಸ್ಸಿನಲ್ಲೇ ಬೇಡಿಕೊಂಡಳು.

ಅವನು ಬಂದ. ತೆಳ್ಳಗಿನ ಹುಡುಗ, ಅಂಗಿಯ ತುಂಬ ಬೆವರು, ಉಗುರುಗಳಲ್ಲಿ ಕರಿ. "ಅಕ್ಕಾರ, ತಪ್ಪು ತಿಳೀಬ್ಯಾಡ್ರಿ. ಬಸ್ಸು ದಾರ್‍ಯಾಗ ಕೆಟ್ಟು ನಿಂತಿತ್ತು. ನಾನು ಟೈರ್ ಅಂಗಡ್ಯಾಗ ಕೆಲಸ ಮಾಡತೇನಿ. ರಜಾ ಅಂದ್ರ ಇದೊಂದ ದಿನ. ಹಕ್ಕಿ ಫೋಟೋ ತಗಿಯೂ ಹುಚ್ಚು ಐತ್ರಿ. ಇಷ್ಟು ದಿನ ಗೆಳ್ಯಾನ ಸಣ್ಣ ಕ್ಯಾಮರಾ ಬೇಡಿ ತರತಿದ್ದೆ."

ಅವ್ವ ಬ್ಯಾಗಿನ ಜಿಪ್ಪು ತೆಗೆಯುತ್ತಿದ್ದಳು. ಕಾಂತೇಶ ಕೂಡಲೇ ಕ್ಯಾಮರಾ ಮುಟ್ಟಲಿಲ್ಲ. ಜೇಬಿನಿಂದ ಫೋನು ತೆಗೆದ.

"ಒಂದು ಮಾತು ಕೇಳಬೇಕಾಗೈತ್ರಿ ಅಕ್ಕಾರ. ಫೋನಿನ್ಯಾಗ ಕೇಳಿದ್ರ ಚಲೋ ಅಲ್ಲ ಅಂತ ಸುಮ್ಮನಿದ್ದೆ. ನಾನು ಹದಿನೈದು ದಿನದ ಹಿಂದನ ಮೆಸೇಜ್ ಮಾಡಿದ್ದೆ. ಆಗ ಮಾರಿ ಹೋಗೈತಿ ಅಂದ್ರಿ. ಈಗ ನೋಡಿದ್ರ ರೇಟ್ ಇಳಿಸಿ ಮತ್ತ ಹಾಕೀರಿ. ಯಾರರ ಒಯ್ದು, ಕೆಟ್ಟೈತಿ ಅಂತ ತಿರುಗಿ ಕೊಟ್ಟಾರೇನ್ರಿ?"

ಅವನು ಫೋನನ್ನು ಅವ್ವನ ಮುಂದೆ ಹಿಡಿದ. ಉಮಾಶ್ರೀಗೂ ಕಂಡಿತು. ಮಾರಿ ಹೋಗೈತಿ. ಪಕ್ಕದಲ್ಲಿ ಕೈಮುಗಿಯುವ ಚಿತ್ರಗಳು. ಅವ್ವ ಯಾರಿಗೂ ಅಂಥ ಚಿತ್ರ ಕಳಿಸುವವಳಲ್ಲ.

ಅವ್ವ ಅದನ್ನು ನಿಧಾನವಾಗಿ ಓದಿದಳು. ಉಮಾಶ್ರೀಯ ಕಡೆ ತಿರುಗಲಿಲ್ಲ.

"ಹೌದ್ರಿ, ತಪ್ಪಾಗೈತಿ," ಎಂದಳು. "ಯಾರೂ ಒಯ್ದಿಲ್ಲ. ಕೆಟ್ಟೂ ಇಲ್ಲ. ಮನ್ಯಾಗ ಸ್ವಲ್ಪ ಗೊಂದಲಾತು. ನೀವ ತಗದು ನೋಡ್ರಿ."

ಬೈದಿದ್ದರೆ ಚೆನ್ನಾಗಿತ್ತು ಅನ್ನಿಸಿತು ಉಮಾಶ್ರೀಗೆ.

ಕಾಂತೇಶ ಕ್ಯಾಮರಾ ಎತ್ತಿ, ಶೆಡ್ಡಿನ ಅಂಚಿನ ಮೇಲೆ ಕುಳಿತಿದ್ದ ಪಾರಿವಾಳದ ಕಡೆ ಹಿಡಿದ. ಅಷ್ಟು ಭಾರದ್ದನ್ನು ಹಿಡಿದು ಅವನಿಗೆ ರೂಢಿಯಿರಲಿಲ್ಲ. ಕ್ಲಿಕ್ ಮಾಡಿ ನೋಡಿದರೆ ಪಾರಿವಾಳ ಮಂಜಿನಲ್ಲಿ ಕುಳಿತ ಹಾಗಿತ್ತು.

"ಮಬ್ಬ ಬರತೈತಲ್ರಿ. ನೀವೊಂದು ತಗದು ತೋರಸ್ರಿ."

ಅವ್ವ ಕ್ಯಾಮರಾ ತೆಗೆದುಕೊಂಡು ಕಣ್ಣಿಗೆ ಹಚ್ಚಿದಳು. ಉದ್ದ ಲೆನ್ಸಿನ ತುದಿ ಮೇಲೆ ಹೋಯಿತು, ಕೆಳಗೆ ಬಂತು, ಮತ್ತೆ ನಡುಗಿತು. ಅವ್ವ ತುಟಿ ಕಚ್ಚಿದಳು. ಕ್ಲಿಕ್. ಅದೂ ಮಬ್ಬು. ಇನ್ನೊಮ್ಮೆ. ಅದೂ ಹಾಗೇ.

ಉಮಾಶ್ರೀ ನೋಡುತ್ತಲೇ ನಿಂತಳು. ಹೂಲಿಯಲ್ಲಿ ಕಲ್ಲಿನ ಹಾಗೆ ಕುಳಿತಿರುತ್ತಿದ್ದ ಅವ್ವ ಇವಳೇನಾ?

"ಇಬ್ಬರ ಕೈಯಾಗೂ ಹಿಂಗ ಬಂದ್ರ ಹೆಂಗ್ರಿ?" ಕಾಂತೇಶನ ದನಿಯಲ್ಲಿ ಸಿಟ್ಟಿರಲಿಲ್ಲ, ಬೇಸರವಿತ್ತು. "ಒಳಗ ಏನೋ ಸಡ್ಲಾಗೈತಿ ಅಕ್ಕಾರ. ಮಾರಿ ಹೋಗೈತಿ ಅಂದ್ರಿ ಅಂತ ಬ್ಯಾರೆ ಕ್ಯಾಮರಾ ನೋಡಾಕ ಹುಬ್ಬಳ್ಳಿತನಾ ಹೋಗಿ, ಬರಿಗೈಲೆ ಬಂದೇನಿ. ಇಲ್ಲೂ ಹಿಂಗಾತು."

"ಕ್ಯಾಮರಾ ಚಲೋ ಐತ್ರಿ. ನನ್ನ ಕೈ ಸರಿ ಇಲ್ಲ," ಎಂದಳು ಅವ್ವ ಮೆಲ್ಲಗೆ. "ಮುಂಗೈ ನರ ಹಿಡದೈತಿ. ಭಾರ ಎತ್ತಬ್ಯಾಡ ಅಂದಾರ ಡಾಕ್ಟ್ರು. ಅದಕ ಮಾರಾಕತ್ತೇನಿ."

ಕಾಂತೇಶ ನಂಬಿದಂತೆ ಕಾಣಲಿಲ್ಲ. ಬೈಲಹೊಂಗಲದ ಬಸ್ಸು ನಿಲ್ಲುವ ಕಡೆ ನೋಡಿದ.

ಉಮಾಶ್ರೀ ಹೋಗಿ ಅವ್ವನ ಮುಂದೆ ಬೆನ್ನು ತಿರುಗಿಸಿ ನಿಂತಳು.

"ಅವ್ವಾ, ಲೆನ್ಸು ನನ್ನ ಹೆಗಲ ಮ್ಯಾಲ ಇಡು."

"ಏನು?"

"ಇಡು. ನಾ ಅಳ್ಳಾಡೂದಿಲ್ಲ."

ಹೆಗಲ ಮೇಲೆ ಲೆನ್ಸು ಬಂದು ಕುಳಿತಿತು. ಇಷ್ಟೊಂದು ಭಾರವೇ? ಅದರ ಕೆಳಗೆ ಅವ್ವನ ಕೈ ಇತ್ತು. ಅದು ಸಣ್ಣಗೆ, ಬಿಡದೆ ನಡುಗುತ್ತಿತ್ತು. ಆ ನಡುಕ ಉಮಾಶ್ರೀಯ ಹೆಗಲಿಗೂ ಇಳಿಯಿತು. ರಾತ್ರಿಯೆಲ್ಲ ಈ ಕೈ ಎಷ್ಟು ಮಂದಿಗೆ ಸೂಜಿ ಹಾಕಿತ್ತೋ, ಎಷ್ಟು ಮಂದಿಯನ್ನು ಎಬ್ಬಿಸಿ ಕೂಡಿಸಿತ್ತೋ. ಅವಳು ಕಾಲು ಅಗಲಿಸಿ, ಉಸಿರು ಬಿಗಿಹಿಡಿದು, ಎದುರಿನ ಗೋಡೆಯನ್ನೇ ನೋಡುತ್ತ ನಿಂತಳು.

ಕ್ಲಿಕ್.

ಕಾಂತೇಶ ಬಗ್ಗಿ ನೋಡಿದ. ಪಾರಿವಾಳದ ಕೊರಳಿನ ಹಸಿರು, ನೇರಳೆ, ಒಂದೊಂದು ಗರಿಯೂ ಬೇರೆ ಬೇರೆಯಾಗಿ ಕಾಣುತ್ತಿತ್ತು. ಅವನ ಮುಖ ಅರಳಿತು. "ಅಬಾಬಾಬಾ!" ಎಂದ.

"ಅಣ್ಣಾರ," ಎಂದಳು ಉಮಾಶ್ರೀ. ದನಿ ಸಣ್ಣಗಾಗಿತ್ತು. "ಆ ಮೆಸೇಜ್ ಅವ್ವ ಬರದಿಲ್ಲ. ನಾ ಬರದಿದ್ದೆ."

ಕಾಂತೇಶ ಅವಳನ್ನೊಮ್ಮೆ, ಅವ್ವನನ್ನೊಮ್ಮೆ ನೋಡಿದ. ನಗಲಿಲ್ಲ. "ಹುಬ್ಬಳ್ಳಿಗಿ ಸುಮ್ಮನ ಅಡ್ಡಾಡಿಸಿದಿ ನೋಡು ತಂಗಿ," ಎಂದ. ಆಮೇಲೆ ಬೆವರು ಒರೆಸಿಕೊಂಡು, "ಇರ್ಲಿ ಬಿಡು," ಎಂದ.

ವ್ಯವಹಾರ ಮುಗಿಯಿತು. ಅವ್ವ ಕ್ಯಾಮರಾದಿಂದ ತನ್ನ ಮೆಮೊರಿ ಕಾರ್ಡು ತೆಗೆದುಕೊಂಡಳು. ಬ್ಯಾಗು ಕೊಡುವ ಮೊದಲು ಎಲ್ಲ ವಿವರಿಸಿ ಹೇಳಿದಳು. "ಲೆನ್ಸು ಅಂಗೀಲೆ ಒರಸಬ್ಯಾಡ್ರಿ, ಈ ಮೆತ್ತನ ಬಟ್ಟಿ ಐತಿ. ಮಳಿಗಾಲದಾಗ ಬ್ಯಾಗಿನ್ಯಾಗ ಹಸಿ ಹೀರೂ ಈ ಸಣ್ಣ ಪಾಕೀಟು ಇರ್ಲಿ. ಇಲ್ಲಾಂದ್ರ ಒಳಗ ಬೂಷ್ಟು ಹಿಡೀತೈತಿ. ಹಕ್ಕಿ ತಗಿಯೂ ಮುಂದ ಕುಂತು ತಗೀರಿ, ಮೊಣಕಾಲ ಮ್ಯಾಲ ಮೊಣಕೈ ಊರ್‍ರಿ." ಎಷ್ಟೋ ದಿನಗಳಿಂದ ಅವ್ವ ಒಮ್ಮೆಲೇ ಇಷ್ಟು ಮಾತಾಡಿದ್ದನ್ನು ಉಮಾಶ್ರೀ ಕೇಳಿರಲಿಲ್ಲ.

ಕಾಂತೇಶ ಹೋದ ಮೇಲೆ ಇಬ್ಬರೂ ಬೆಂಚಿನ ಮೇಲೆ ಕುಳಿತರು. ಅವ್ವ ಮುಂಗೈ ತಿಕ್ಕಿಕೊಳ್ಳುತ್ತಿದ್ದಳು.

"ಇನ್ನ ನೀ ಫೋಟೋ ತಗಿಯೂದಿಲ್ಲೇನ?"

"ತಗೀತೇನಿ. ಹಗುರಂದು ಒಂದು ಕ್ಯಾಮರಾ ನೋಡಿದ್ದೆ. ಧಾರವಾಡದಾಗ ಒಬ್ರು ಮಾರಾಕ ಇಟ್ಟಿದ್ರು. ಇದು ಹೋದ್ರ ಅದು ತಗೋಬೇಕು ಅಂತ ಕಾಯಾಕತ್ತಿದ್ದೆ."

"ಮತ್ತ?"

"ಹೋದ ವಾರ ಅದನ್ನ ಬ್ಯಾರೆಯವ್ರು ಒಯ್ದ್ರು."

ಉಮಾಶ್ರೀ ತನ್ನ ಚಪ್ಪಲಿಯನ್ನು ನೋಡಿದಳು. "ನನ್ನ ಸಲುವಾಗಿ?"

"ಹೂಂ," ಎಂದಳು ಅವ್ವ. ಮುಂಗೈ ತಿಕ್ಕುವುದನ್ನು ನಿಲ್ಲಿಸಿ, "ನಾನೂ ನಿನಗ ಹೇಳಬೇಕಿತ್ತು. ಹೇಳಾಕ ಸೈತ ಸಾಕಾಗಿತ್ತವಾ," ಎಂದಳು.

ರಾಮದುರ್ಗದ ಬಸ್ಸು ಬಂತು. ಅಲ್ಲಿಳಿದು ಸುರೇಬಾನದ ಬಸ್ಸು ಹಿಡಿಯಬೇಕಿತ್ತು. ಉಮಾಶ್ರೀ ಮುಂಚೆಯೇ ಹತ್ತಿ, ಕಿಟಕಿಯ ಪಕ್ಕ ಅವ್ವನಿಗೆ ಜಾಗ ಹಿಡಿದಳು. ಬಸ್ಸು ಊರು ದಾಟುವುದರೊಳಗೆ ಅವ್ವ ನಿದ್ದೆ ಹೋಗಿದ್ದಳು.

"ಟಿಕೀಟ್! ಟಿಕೀಟ್ ಯಾರ್‍ಯಾರ್‍ರೀ!" ಎನ್ನುತ್ತ ಕಂಡಕ್ಟರು ಬಂದ. ಉಮಾಶ್ರೀ ತುಟಿಯ ಮೇಲೆ ಬೆರಳಿಟ್ಟಳು. ಅವ್ವನ ಪರ್ಸಿನಿಂದ ಆಧಾರ್ ಕಾರ್ಡು ಮೆಲ್ಲಗೆ ಎಳೆದು ತೋರಿಸಿದಳು. ಕಂಡಕ್ಟರು ಮಲಗಿದವಳನ್ನು ನೋಡಿ, ಸದ್ದಿಲ್ಲದೆ ಇಬ್ಬರಿಗೂ ಪುಕ್ಕಟೆ ಚೀಟಿ ಕೊಟ್ಟು ಮುಂದೆ ಹೋದ.

ಕಡಲೆ ಕಿತ್ತ ಹೊಲಗಳು ಹಿಂದೆ ಸರಿಯುತ್ತಿದ್ದವು. ಎದುರಿಗೆ ಬರುವ ಕಬ್ಬಿನ ಟ್ರ್ಯಾಕ್ಟರಿಗೆ ದಾರಿ ಬಿಡಲು ಬಸ್ಸು ಒಂದು ಕಡೆ ನಿಂತಿತು. ಕಿಟಕಿಗೆ ಹತ್ತಿರದಲ್ಲೇ, ಕರೆಂಟಿನ ತಂತಿಯ ಮೇಲೆ ನೀಲಕಂಠ ಹಕ್ಕಿ ಕುಳಿತಿತ್ತು.

"ಅವ್ವಾ—" ಎನ್ನಲು ಬಾಯಿ ತೆರೆದ ಉಮಾಶ್ರೀ, ಅವ್ವನ ಭುಜದ ತನಕ ಹೋದ ಕೈಯನ್ನು ಹಿಂದೆ ತೆಗೆದುಕೊಂಡಳು.

ಹಕ್ಕಿಯನ್ನು ತಾನೊಬ್ಬಳೇ ನೋಡಿದಳು. ಬೆನ್ನು ಮಣ್ಣಿನ ಬಣ್ಣ. ಕೊರಳಲ್ಲಿ ಬಿಳಿ ಗೀರು. ತಲೆ ದಪ್ಪ. ಹಾರಿದಾಗ ಮಾತ್ರ ರೆಕ್ಕೆಯ ಒಳಗಿನ ನೀಲಿಯೆಲ್ಲ ಒಮ್ಮೆಲೇ ತೆರೆದುಕೊಂಡಿತು.

ರಾಮದುರ್ಗ ಇನ್ನೂ ದೂರವಿತ್ತು. ಅಲ್ಲಿಯವರೆಗೆ ಅವ್ವ ಮಲಗಲಿ. ಎದ್ದ ಮೇಲೆ ಹೇಳುವಾಗ ಒಂದು ಬಣ್ಣವೂ ತಪ್ಪಬಾರದೆಂದು ಉಮಾಶ್ರೀ ಹಕ್ಕಿ ಹೋದ ದಿಕ್ಕನ್ನೇ ನೋಡುತ್ತ ಕುಳಿತಳು.