ಕತ್ತಿ ಹಿಡಿದ ಹುಡುಗಿಯ ಸಿಡಿ

ಟಿಕ್... ಟಿಕ್ ಟಿಕ್...

ರೂಪಶ್ರೀಗೆ ಎಚ್ಚರವಾಯಿತು. ರಾತ್ರಿ ಒಂದು ಗಂಟೆ. ನಡುಮನೆಯಲ್ಲಿ ಯಾರೋ ಮೆಲ್ಲಗೆ ಗುಂಡಿ ಒತ್ತುವ ಸದ್ದು.

'ಮತ್ತೆ ಶುರುವಾಯ್ತು! ನಾಳೆ ಹೆಂಡತಿ ತವರಿಗೆ ಹೊರಟಿದ್ದಾಳೆ ಅನ್ನೋ ಚಿಂತೆಯೂ ಇಲ್ಲವಲ್ಲ ಈ ಮನುಷ್ಯನಿಗೆ...'

ರಾವಂದೂರಿನ ಈ ಮನೆಗೆ ಸೊಸೆಯಾಗಿ ಬಂದು ಎರಡು ತಿಂಗಳಷ್ಟೇ. ಗಂಡ ವಸಂತ್ ಪಿರಿಯಾಪಟ್ಟಣದಲ್ಲಿ ಸಿಡಿ ಬಾಡಿಗೆ ಅಂಗಡಿ ಇಟ್ಟಿದ್ದ. ಮೂರು ದಿನದ ಹಿಂದೆ ಟಿವಿಯ ಹಿಂದೆ ಅವಳಿಗೆ ಒಂದು ಗೇಮ್ ಸಿಡಿ ಸಿಕ್ಕಿತ್ತು. ಮೇಲೆ ಜಪಾನಿ ಅಕ್ಷರ. ತಲೆಗೆ ದೊಡ್ಡ ಟೋಪಿ, ಕೈಯಲ್ಲಿ ಉದ್ದನೆಯ ಕತ್ತಿ, ಮೈಮೇಲೆ ಎರಡೇ ಎರಡು ತುಂಡು ಬಟ್ಟೆಯ ಹುಡುಗಿ!

"ಇದು ಯಾರದ್ದು?"

ವಸಂತ್ ಬೆವೆತುಹೋಗಿದ್ದ. "ನಂದೇ..." ಎಂದು ತಲೆ ತಗ್ಗಿಸಿದ್ದ.

ಅಂದಿನಿಂದ ಮಾತಿಲ್ಲ. ಅವಳು ಗೋಡೆಯ ಕಡೆ ತಿರುಗಿ ಮಲಗುತ್ತಿದ್ದಳು. ಬೆಳಗ್ಗೆ ಅಣ್ಣ ಚೆಲುವರಾಜು ಆಷಾಢಕ್ಕೆ ಕರೆದೊಯ್ಯಲು ಬರುತ್ತಾನೆ. ಆಷಾಢದಲ್ಲಿ ಹೊಸ ಸೊಸೆ ತವರಿಗೆ ಹೋಗಿ ಶ್ರಾವಣಕ್ಕೆ ಮರಳುವುದು ಪದ್ಧತಿ. ರೂಪಶ್ರೀ ಮಾತ್ರ ಮರಳಬಾರದೆಂದು ತೀರ್ಮಾನಿಸಿದ್ದಳು. ಅಣ್ಣನಿಗೆ ಫೋನ್ ಮಾಡಿ, ಕಾರಣ ಹೇಳದೆ ಅತ್ತೂ ಇದ್ದಳು.

'ನಾಲ್ಕು ಮಾತು ಬೈದೇ ಹೋಗ್ತೀನಿ!' ದಡಕ್ಕನೆ ಎದ್ದಳು. ಕೈ ಪಕ್ಕಕ್ಕೆ ತಾಗಿತು...

ವಸಂತ್ ಅಲ್ಲೇ ಮಲಗಿದ್ದ!

ಹಾಗಾದರೆ ಹೊರಗೆ ಯಾರು?

ಬಾಗಿಲ ಸಂದಿಯಿಂದ ಇಣುಕಿದಳು. ಟಿವಿಯ ಬೆಳಕಿನಲ್ಲಿ, ಸೆರಗು ಸೊಂಟಕ್ಕೆ ಬಿಗಿದು ಚಾಪೆಯ ಮೇಲೆ ಕೂತಿದ್ದವರು ಅತ್ತೆ ಪುಟ್ಟತಾಯಮ್ಮ! ಕೈಯಲ್ಲಿ ಗೇಮಿನ ರಿಮೋಟು! ಪರದೆಯ ತುಂಬ ತೂರಾಡುತ್ತ ಬರುವ ಹೆಣಗಳು. ಟೋಪಿಯ ಹುಡುಗಿ ಒಂದೊಂದನ್ನೇ ಕಡಿದು ಉರುಳಿಸುತ್ತಿದ್ದಳು.

"ಕತ್ತಿ ಒದರ್ಕಳ್ಳೇ ಕೂಸೇ! ರಕ್ತ ಮೆತ್ಕಂಡ್ರೆ ಕುಯ್ಯಕಿಲ್ಲ... ಆಂ, ಅಂಗೆ! ಮೈ ಮ್ಯಾಲೆ ಒಂದು ಟವಲ್ಲಾದ್ರೂ ಆಕ್ಕಬಾರ್ದಾ, ಥಂಡಿ ಆಯ್ತದೆ!"

ರೂಪಶ್ರೀ ಕಿರುಚುವಷ್ಟರಲ್ಲಿ ಹಿಂದಿನಿಂದ ಒಂದು ಕೈ ಬಾಯಿ ಮುಚ್ಚಿತು. ವಸಂತ್ ಅವಳನ್ನು ಕೋಣೆಯೊಳಗೆ ಎಳೆದುಕೊಂಡ.

"ಶ್... ನೀನು ನೋಡಿದ್ದು ಅವ್ವಂಗೆ ಗೊತ್ತಾಗ್ಬಾರ್ದು ಕಣೆ!"

"ಏನ್ರೀ ಇದು?!"

"ಅಪ್ಪ ಹೋದ್ಮೇಲೆ ಅವ್ವಂಗೆ ನಿದ್ದೆ ಇಲ್ಲ. ಕಣ್ಮುಚ್ಚುದ್ರೆ ಹೆಣ ಎದ್ದು ಬತ್ತದೆ ಅಂತ ಕಿರುಚ್ಕಳೋಳು. ಒಂದಿನ ನಾನು ಈ ಗೇಮ್ ಆಡ್ತಿದ್ದೆ. 'ತತ್ತಾ ಇಲ್ಲಿ, ನಾನೇ ಕಡೀತೀನಿ' ಅಂದ್ಲು. ಅವತ್ತು ಬೆಳಗಾಗೋವರ್ಗೂ ಮಲಗಿದ್ಲು ಕಣೆ! ಎರಡು ಪಾರ್ಟ್ ಮುಗಿಸವ್ಳೆ, ಇದು ಮೂರ್ನೇದು."

"ನಂಗ್ಯಾಕೆ ಹೇಳ್ಲಿಲ್ಲ?"

"ಊರೋರು ಕೇಳುದ್ರೆ ಮುದ್ಕಿಗೆ ತಲೆ ಕೆಟ್ಟದೆ ಅಂತಾರೆ ಅಂತ ಮಾದಪ್ಪನ ಮ್ಯಾಲೆ ಆಣೆ ಆಕ್ಸಿದ್ಲು. ನಾನು ಕೆಟ್ಟೋನಾದ್ರೂ ಆಗ್ಲಿ, ಅವ್ವನ ಮರ್ವಾದೆ ಉಳೀಲಿ ಅಂತ..." ಅವನು ಅವಳ ಕೈ ಹಿಡಿದುಕೊಂಡ. "ಇವತ್ತು ಆಣೆ ಮುರ್ದೆ. ನೀನು ವಾಪಸ್ ಬರಲ್ಲ ಅಂತ ನಿನ್ ಮುಖ ನೋಡೇ ಗೊತ್ತಾಗಿತ್ತು ರೂಪಾ... ನಿನ್ನ ಬಿಟ್ಟಿರಕ್ಕೆ ನನ್ ಕೈಲಾಗಲ್ಲ."

'ಅಯ್ಯೋ... ಇಂಥವರನ್ನ ಏನೆಂದುಕೊಂಡುಬಿಟ್ಟೆ!' ಕಣ್ಣು ತುಂಬಿ ಬಂದು, ಅವಳು ಅವನ ಎದೆಗೆ ತಲೆಯಾನಿಸಿದಳು.

"ಶ್ರಾವಣದ ಮೊದಲ್ನೇ ದಿನವೇ ಬಂದು ಕರ್ಕೊಂಡ್ ಬರ್ಬೇಕು. ಎರಡ್ನೇ ದಿನ ಬಂದ್ರೆ ನಾನು ಬರಲ್ಲ ನೋಡಿ!"

"ಮೊದಲ್ನೇ ಬಸ್ಸಿಗೇ ಬತ್ತೀನಿ ಕಣೆ. ಆದ್ರೆ ಫೋನಲ್ಲಿ ಅಷ್ಟೊಂದು ಅತ್ತಿದ್ದೀಯ... ನಿಮ್ಮಣ್ಣ ಕೇಳುದ್ರೆ?"

"ತವರು ನೆನಪಾಗಿ ಅಳು ಬಂತು ಅಂತೀನಿ."

ಅಣ್ಣನಿಗೆ ಹೇಳುವುದಿಲ್ಲ, ಅಮ್ಮನಿಗೂ ಇಲ್ಲ. ತಾನು ಕಂಡದ್ದು ಅತ್ತೆಗೂ ಎಂದೆಂದಿಗೂ ತಿಳಿಯಬಾರದು... ರೂಪಶ್ರೀ ಸದ್ದಾಗದಂತೆ ಬಾಗಿಲು ಮುಂದೆ ಮಾಡಿದಳು.